ಖಾಲಿ ಡಬ್ಬಿ ವಾಪಸ್ ಕೊಡುವುದು ಹೇಗೆ?

ಪ್ರಶ್ನೆ: ನನಗೆ 46 ವರ್ಷ. ಊರು ತುಮಕೂರು. ಯಶವಂತಪುರದ ಹತ್ತಿರ ಒಂದು ಖಾಸಗಿ ಕಚೇರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 11 ವರ್ಷದಿಂದ ದಿನಾ ರೈಲಿನಲ್ಲೇ ಓಡಾಟ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ನಮ್ಮ ಅತ್ತೆಯವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನವಿಲ್ಲ. ಅವರಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ತಿಂಡಿ, ಊಟದ ಡಬ್ಬಿ ಎಲ್ಲ ಮುಗಿಸಿ ಹೊರಡುತ್ತೇನೆ. ಹಗಲು ಒಬ್ಬರು ಆಯಾ ಬರುತ್ತಾರೆ. ನಾನು ಮನೆ ಸೇರುವಾಗ ರಾತ್ರಿ ಎಂಟು, ಮಲಗುವಾಗ ಹನ್ನೊಂದೂವರೆ. ಯಜಮಾನರು ಒಳ್ಳೆಯವರು. ಮಗಳು ಎರಡನೇ ಪಿಯುಸಿ. ಮನೆ ಸಾಲ ತೀರಿದೆ. ಹೇಳಿಕೊಳ್ಳುವಂಥ ಕಷ್ಟ ಯಾವುದೂ ಇಲ್ಲ. ಆದರೂ ಎಲ್ಲ ದಿನವೂ ಒಂದೇ ಥರ. ನಿನ್ನೆ ಏನಾಯಿತು ಎಂದು ಕೇಳಿದರೆ ನನಗೆ ನೆನಪಿರುವುದಿಲ್ಲ.

ಹೋದ ತಿಂಗಳು ರೈಲಿನಲ್ಲಿ ಪಕ್ಕ ಕುಳಿತ ಹೆಂಗಸು ನನ್ನ ಮುಖ ನೋಡಿ "ತಿಂಡಿ ತಿಂದ್ರಾ?" ಅಂದರು. ಇಲ್ಲ ಅಂದೆ. ತಮ್ಮ ಡಬ್ಬಿಯಿಂದ ಒಂದು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ತಿನ್ನುತ್ತಾ ಇದ್ದ ಹಾಗೇ ಅಳು ಬಂತು. ತಡೆಯಲು ಆಗಲಿಲ್ಲ. ಉಳಿದ ಚಟ್ನಿಯನ್ನು ಪುಟ್ಟ ಸ್ಟೀಲ್ ಡಬ್ಬಿಯ ಸಮೇತ ಕೊಟ್ಟು, "ಡಬ್ಬಿ ಯಾವಾಗಾದರೂ ಕೊಡಿ" ಎಂದು ಚಿಕ್ಕಬಾಣಾವರದಲ್ಲಿ ಇಳಿದು ಹೋದರು. ಹೆಸರೂ ಕೇಳಲಿಲ್ಲ. ಮೂರು ದಿನ ನಾಲ್ಕು ಗಂಟೆಗೇ ಎದ್ದು, ಆ ಡಬ್ಬಿಗೆ ಏನಾದರೂ ಮಾಡಿ ತುಂಬಿಸಿ ಒಯ್ದೆ. ಅವರು ಸಿಗಲಿಲ್ಲ. ಹೋದ ವಾರ ಪ್ಲಾಟ್‌ಫಾರಂನಲ್ಲಿ ಕಂಡರು. ಆ ದಿನ ಡಬ್ಬಿ ಖಾಲಿ ಇತ್ತು. ಖಾಲಿ ಡಬ್ಬಿ ಹೇಗೆ ಕೊಡುವುದು ಎಂದು ಬೇರೆ ಬೋಗಿ ಹತ್ತಿಬಿಟ್ಟೆ.

ಯಜಮಾನರು "ಗುರುತಿಲ್ಲದವರು ಕೊಟ್ಟಿದ್ದನ್ನು ಯಾಕೆ ತಿಂದೆ" ಎಂದು ಬೈದರು. ಗೆಳತಿ, ದಿನಾ ಮೂರು ಒಳ್ಳೆಯ ವಿಷಯ ಬರೆದಿಡು, ಸಣ್ಣ ಸಣ್ಣದರಲ್ಲಿ ಖುಷಿ ಕಾಣುತ್ತದೆ ಅಂದಳು. 12 ದಿನ ಬರೆದೆ. ಆಮೇಲೆ ಪುಸ್ತಕ ನೋಡಿದರೇ ಬೇಸರ. ಇಷ್ಟೆಲ್ಲ ಇದ್ದೂ ಖುಷಿ ಇಲ್ಲ ಅಂದರೆ ನಾನು ಕೃತಜ್ಞತೆ ಇಲ್ಲದವಳಾ? ಇದು ಡಿಪ್ರೆಶನ್ನಾ? ಒಂದು ರೊಟ್ಟಿಗೆ ಯಾಕೆ ಅಷ್ಟು ಅಳು ಬಂತು?

– ಹೆಸರು ಬೇಡ, ತುಮಕೂರು

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೀವು ಕೇಳದೇ ಬಿಟ್ಟ ಒಂದು ಸಾಲು. ಡಬ್ಬಿ ಖಾಲಿ ಎಂದು ಬೇರೆ ಬೋಗಿ ಹತ್ತಿದ್ದು. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮನ್ನು ಜಾಸ್ತಿ ಹೆದರಿಸಿರುವ ಪ್ರಶ್ನೆಯನ್ನು ನೋಡೋಣ.

ಇದು ಡಿಪ್ರೆಶನ್ನಾ? ಪತ್ರ ಓದಿ ಹೌದು, ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ನಾನೂ ಹೇಳುವುದಿಲ್ಲ. ಆದರೆ ಎದುರು ಕುಳಿತಿದ್ದರೆ ಏನು ಕೇಳುತ್ತಿದ್ದೆ ಎಂದು ಹೇಳಬಲ್ಲೆ. ಖಿನ್ನತೆಯಲ್ಲಿ ನಾವು ಮೊದಲು ವಿಚಾರಿಸುವುದು ದುಃಖವನ್ನಷ್ಟೇ ಅಲ್ಲ, ರುಚಿಯನ್ನೂ. ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತದೆಯೇ? ಕಾಫಿಯ ಮೊದಲ ಗುಟುಕು ಹಿತವೆನಿಸುತ್ತದೆಯೇ? ಮಗಳು ಏನೋ ತಮಾಷೆ ಮಾಡಿದರೆ ನಗು ಬರುತ್ತದೆಯೇ? ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ದಿನವಿಡೀ ಯಾವುದೂ ರುಚಿಸದೇ ಹೋದರೆ, ಅದರ ಜೊತೆ ನಿದ್ದೆ ಕೆಟ್ಟು, ಹಸಿವು ಕೆಟ್ಟು, "ನಾನು ಇದ್ದು ಏನು ಪ್ರಯೋಜನ" ಎನ್ನುವ ಯೋಚನೆ ಬರತೊಡಗಿದರೆ ಅದು ಕಾಯಿಲೆಯ ಕಡೆ ಕೈ ತೋರಿಸುತ್ತದೆ. ಆಗ ಕಾಯಬಾರದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ಓಡಾಡಲು ಸಮಯ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಬೆನ್ನೆಲುಬು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ ಇರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ವಿಷಯವೂ ಇದೆ. ಒಂದು ತಿಂಗಳಾದ ಮೇಲೂ ಅದು ಹುಚ್ಚೆಳ್ಳು ಚಟ್ನಿ ಎಂದು ನೆನಪಿಟ್ಟು ಬರೆದಿದ್ದೀರಿ. ನಿನ್ನೆಯದು ನೆನಪಿರುವುದಿಲ್ಲ ಅನ್ನುವವರಿಗೆ ಅದು ಮಾತ್ರ ಉಳಿದಿದೆ. ಅಂದರೆ ರುಚಿ ಹಿಡಿಯುವ ಶಕ್ತಿ ನಿಮ್ಮಲ್ಲಿ ಸತ್ತಿಲ್ಲ. ದಣಿದಿದೆ.

ಆ ದಣಿವಿಗೆ ದೇಹದ ಕಾರಣಗಳೂ ಇರಬಹುದು. ನಮ್ಮ ಹತ್ತಿರ "ಮನಸ್ಸಿಗೆ ಏನೋ ಆಗಿದೆ" ಎಂದು ಬರುವ ನಿಮ್ಮ ವಯಸ್ಸಿನ ಹೆಂಗಸರನ್ನು ನಾವು ಮೊದಲು ರಕ್ತಪರೀಕ್ಷೆಗೆ ಕಳಿಸುತ್ತೇವೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಇದರಲ್ಲಿ ಯಾವುದು ಕಡಿಮೆಯಾದರೂ ಲೋಕ ಬಣ್ಣ ಕಳೆದುಕೊಂಡ ಹಾಗೆ ಕಾಣುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ನಿದ್ದೆ, ಮನಸ್ಸು ಎರಡೂ ಏರುಪೇರಾಗುತ್ತವೆ. ತಿಂಗಳುಗಟ್ಟಲೆ ತಮ್ಮನ್ನೇ ಬೈದುಕೊಂಡು, ಕೊನೆಗೆ ಥೈರಾಯ್ಡ್ ಮಾತ್ರೆಯಿಂದ ಸುಧಾರಿಸಿಕೊಂಡವರನ್ನು ನಾನು ನೋಡಿದ್ದೇನೆ. ದಯವಿಟ್ಟು ಇದೊಂದನ್ನು ಮುಂದೂಡಬೇಡಿ.

ಇನ್ನು ನಿದ್ದೆ. ಹನ್ನೊಂದೂವರೆಗೆ ಮಲಗಿ ನಾಲ್ಕೂಮುಕ್ಕಾಲಿಗೆ ಎದ್ದರೆ ಐದೂಕಾಲು ಗಂಟೆ. ನಡುವೆ ಅತ್ತೆಯವರು ಕರೆದರೆ ಅದೂ ಇಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಆಗಾಗ ನೆನಪಾಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನವನ್ನು ಗಂಟೆ ಗಂಟೆಯಾಗಿ ನೆನಪಿಸಿಕೊಂಡು ಬರೆಯಲು ಹೇಳಿದರು. ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ, ಮನಸ್ಸು ಹೇಗಿತ್ತು. ಬೆಳಗಿನ ಪ್ರಯಾಣ ಪಟ್ಟಿಯ ತಳದಲ್ಲಿತ್ತು. ಇನ್ನೊಂದು ಅಂಶವೂ ಸಿಕ್ಕಿತು. ರಾತ್ರಿ ನಿದ್ದೆ ಕೆಟ್ಟವರಿಗೆ ಮರುದಿನದ ಯಾವ ಕೆಲಸದಲ್ಲೂ ಅಷ್ಟಾಗಿ ಹಿತ ಸಿಗಲಿಲ್ಲ. ದಿನದ ಸುಖದ ಮಟ್ಟಿಗೆ ನಿದ್ದೆಯ ತೂಕ ಸಂಬಳಕ್ಕಿಂತ ಹೆಚ್ಚಿತ್ತು. ನಿಮ್ಮ ಗೆಳತಿ ಸಣ್ಣ ಖುಷಿಗಳನ್ನು ಹುಡುಕು ಅಂದರು. ಹುಡುಕಲು ಕಣ್ಣು ಬಿಟ್ಟಿರಬೇಕಲ್ವಾ? ನಿದ್ದೆಗೆಟ್ಟವರಿಗೆ ಅದೇ ಕಷ್ಟ.

ಈಗ "ನಾನು ಕೃತಜ್ಞತೆ ಇಲ್ಲದವಳಾ" ಎನ್ನುವ ಮಾತಿಗೆ ಬರೋಣ. ಇದು ನಮ್ಮಲ್ಲಿ ಹೆಣ್ಣುಮಕ್ಕಳು ತಮ್ಮ ಮೇಲೇ ಬೇಗ ಹೊರಿಸಿಕೊಳ್ಳುವ ಆರೋಪ. ದೇವರ ಮನೆಯಲ್ಲಿ ಊದಿನಕಡ್ಡಿ ಹಚ್ಚಿದಾಗ ಘಮ್ಮೆನ್ನುತ್ತದೆ. ಐದು ನಿಮಿಷ ಅಲ್ಲೇ ಕುಳಿತರೆ ವಾಸನೆ ಇಲ್ಲವೇ ಇಲ್ಲ. ಕಡ್ಡಿ ಇನ್ನೂ ಉರಿಯುತ್ತಿರುತ್ತದೆ. ಹೊರಗಿನಿಂದ ಬಂದವರು "ಆಹಾ" ಅನ್ನುತ್ತಾರೆ. ನಿಮ್ಮ ಮೂಗಿನಲ್ಲಿ ದೋಷ ಇಲ್ಲ. ಬದಲಾಗದೇ ಇರುವುದನ್ನು ಲೆಕ್ಕದಿಂದ ಬಿಡುವುದು ಮೆದುಳಿನ ಸ್ವಭಾವ. ಹೊಸದು ಏನಾದರೂ ಬಂದರೆ, ಅದರಲ್ಲೂ ಅಪಾಯ ಬಂದರೆ ಗೊತ್ತಾಗಬೇಕಲ್ಲ, ಅದಕ್ಕೆ ಜಾಗ ಖಾಲಿ ಇಟ್ಟುಕೊಳ್ಳುತ್ತದೆ. ತೀರಿದ ಸಾಲ, ಒಳ್ಳೆಯ ಗಂಡ, ಓದುವ ಮಗಳು, ಇವೆಲ್ಲ ನಿಮ್ಮ ಮನೆಯ ಊದಿನಕಡ್ಡಿಗಳು.

1978ರಲ್ಲಿ ಅಮೆರಿಕದಲ್ಲಿ ದೊಡ್ಡ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿದರು. ಸಣ್ಣ ಅಧ್ಯಯನ, ಆದರೆ ಇವತ್ತಿಗೂ ನಾವು ಅದನ್ನು ಮರೆತಿಲ್ಲ. ಗೆದ್ದವರು ಅಕ್ಕಪಕ್ಕದ ಸಾಮಾನ್ಯ ಜನರಿಗಿಂತ ಗಮನಿಸುವಷ್ಟು ಸುಖಿಗಳಾಗಿರಲಿಲ್ಲ. ಬೆಳಗಿನ ತಿಂಡಿ, ಗೆಳೆಯರ ಜೊತೆ ಹರಟೆ, ಒಂದು ಜೋಕ್ ಕೇಳುವುದು, ಇಂಥವುಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಉಳಿದವರಿಗಿಂತ ಕಡಿಮೆಯೇ ಇತ್ತು. ಇದ್ದೂ ಕಾಣದೇ ಇರುವುದು ನಿಮ್ಮೊಬ್ಬರ ಸ್ವಭಾವದೋಷ ಅಲ್ಲ ಎಂದು ಹೇಳಲು ಇದನ್ನು ಹೇಳಿದೆ.

ಆ ಪುಸ್ತಕದ ವಿಷಯ. ದಿನಾ ಮೂರು ಬರೆಯಿರಿ ಎನ್ನುವ ಸಲಹೆ ಸುಮ್ನೆ ಹುಟ್ಟಿದ್ದಲ್ಲ. ಒಳ್ಳೆಯದನ್ನು ಬರೆದಿಟ್ಟವರ ಮನಸ್ಸು ಸ್ವಲ್ಪ ಹಗುರವಾಯಿತು ಎಂದು 2003ರ ಒಂದು ಹೆಸರಾಂತ ಅಧ್ಯಯನ ತೋರಿಸಿತ್ತು. ಆಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ವಾರಕ್ಕೊಮ್ಮೆ ಬರೆದವರಿಗೇ ಉಪಯೋಗವಾಗಿದ್ದು ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಜಾಸ್ತಿ ಬರೆದರೆ ಅದೂ ಊದಿನಕಡ್ಡಿಯೇ. ನಿಮಗಂತೂ ಅದು ಇನ್ನೊಂದು ಕೆಲಸವಾಯಿತು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು, ಮಗಳಿಗೆ ಹಾಲು ಕೊಟ್ಟು, ಆಮೇಲೆ "ಇವತ್ತು ಯಾವುದಕ್ಕೆ ಖುಷಿಪಡಬೇಕು" ಎಂದು ಪೆನ್ನು ಹಿಡಿಯುವುದು. ಬರೆಯಲು ಆಗದಿದ್ದರೆ ಅದಕ್ಕೂ ತಪ್ಪಿತಸ್ಥ ಭಾವ. ನೀವು ನಿಲ್ಲಿಸಿದ್ದು ಸರಿ. ಬೇಕೆನಿಸಿದರೆ ಭಾನುವಾರ ಒಂದು ಸಾಲು ಬರೆಯಿರಿ. ಬೇಡವೆನಿಸಿದರೆ ಆ ಪುಸ್ತಕದಲ್ಲಿ ಹಾಲಿನ ಲೆಕ್ಕ ಬರೆಯಿರಿ, ಯಾವ ನಷ್ಟವೂ ಇಲ್ಲ.

ಈಗ ಆ ರೊಟ್ಟಿ.

ನಿಮ್ಮ ದಿನವನ್ನು ನೋಡಿ. ನಾಲ್ಕೂಮುಕ್ಕಾಲಿನಿಂದ ಹನ್ನೊಂದೂವರೆವರೆಗೆ ನಿಮ್ಮ ಕೈ ಕೊಡುತ್ತಲೇ ಇರುತ್ತದೆ. ಅತ್ತೆಗೆ, ಮಗಳಿಗೆ, ಯಜಮಾನರಿಗೆ, ಕಚೇರಿಗೆ. "ತಿಂಡಿ ತಿಂದ್ರಾ?" ಎನ್ನುವುದು ನೀವು ದಿನಾ ಎಲ್ಲರಿಗೂ ಕೇಳುವ ಪ್ರಶ್ನೆ. ನಿಮಗೆ ಅದನ್ನು ಕೇಳಿದ್ದು ಯಾರು? ಹೆಸರು ಗೊತ್ತಿಲ್ಲದ ಒಬ್ಬರು. ಹಾಗೆ ಕೇಳಿದ ಕೂಡಲೇ ಅಳು ಬಂದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಬಿಗಿಹಿಡಿದು ನಿಂತಿರುವಾಗ ಕಣ್ಣೀರು ಬರುವುದಿಲ್ಲ. ಹಿಡಿತ ಸ್ವಲ್ಪ ಸಡಿಲಿಸಬಹುದು ಎಂದು ದೇಹಕ್ಕೆ ಅನ್ನಿಸಿದಾಗ ಬರುತ್ತದೆ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರು ನನ್ನ ಕೊಠಡಿಯಲ್ಲಿ ರೋಗಿಯ ಕಷ್ಟ ಹೇಳುವಾಗ ಅಳುವುದು ಅಪರೂಪ. ಔಷಧಿ, ಖರ್ಚು, ಡಾಕ್ಟರ್ ಹೇಳಿದ್ದು ಎಲ್ಲವನ್ನೂ ನೆಟ್ಟಗೆ ಹೇಳುತ್ತಾರೆ. "ನೀವು ಹೇಗಿದ್ದೀರಿ?" ಎಂದು ಕೇಳಿದಾಗ ಮಾತು ನಿಲ್ಲುತ್ತದೆ.

ಇನ್ನೊಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ ನಿವೃತ್ತ ಮೇಷ್ಟ್ರು. ಮಕ್ಕಳು ದೂರದಲ್ಲಿ. "ನಾನು ಇದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ" ಎನ್ನುವುದು ಅವರ ಮಾತು. ಒಮ್ಮೆ ಜ್ವರ ಬಂದು ಎರಡು ದಿನ ಬಾಗಿಲು ತೆಗೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಬೆಲ್ ಆಯಿತು. ಪೇಪರ್ ಹಾಕುವ ಹುಡುಗ. "ಸಾರ್, ನಿನ್ನೆದು, ಮೊನ್ನೆದು ಎರಡೂ ಇಲ್ಲೇ ಬಿದ್ದಿತ್ತು. ಅದಕ್ಕೆ ಕೇಳೋಣ ಅಂತ." ಅಷ್ಟೇ ಹೇಳಿ, ಸೈಕಲ್ ಹತ್ತಿ ಹೋದ. ಆ ಹುಡುಗನ ಹೆಸರು ಅವರಿಗೆ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಅವರ ಚಿಕಿತ್ಸೆ ಮುಂದೆ ಬಹಳ ದಿನ ನಡೆಯಿತು, ಔಷಧಿಯೂ ಬೇಕಾಯಿತು. ಬೆಲ್ ಒಂದರಿಂದ ಕಾಯಿಲೆ ಗುಣವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ "ಯಾರಿಗೂ ಗೊತ್ತಾಗುವುದಿಲ್ಲ" ಎನ್ನುವ ಮಾತನ್ನು ಅವರು ಮತ್ತೆ ಅಷ್ಟು ಖಚಿತವಾಗಿ ಹೇಳಲಿಲ್ಲ.

ಯಜಮಾನರು ಬೈದಿದ್ದನ್ನೂ ತಳ್ಳಿಹಾಕಬೇಡಿ. ಅವರ ಭಯಕ್ಕೆ ಕಾರಣ ಇದೆ. ರೈಲಿನಲ್ಲಿ ಪ್ರಜ್ಞೆ ತಪ್ಪಿಸುವ ಔಷಧಿ ಬೆರೆಸಿದ ತಿಂಡಿ ಕೊಟ್ಟು ದೋಚಿದ ಪ್ರಕರಣಗಳು ನಿಜವಾಗಿ ನಡೆದಿವೆ. ಗುರುತಿಲ್ಲದವರಿಂದ ತಿನ್ನುವ ವಸ್ತು ತೆಗೆದುಕೊಳ್ಳಬೇಡಿ ಎಂದು ರೈಲ್ವೆಯೇ ಹೇಳುತ್ತಾ ಬಂದಿದೆ. ದೂರದ ಪ್ರಯಾಣದಲ್ಲಿ, ಒಬ್ಬರೇ ಇರುವಾಗ, ಸಾಮಾನು ಜೊತೆಗಿರುವಾಗ ಆ ಮಾತನ್ನು ಪಾಲಿಸಲೇಬೇಕು. ನಿಮ್ಮದು ಬೇರೆ ಸಂದರ್ಭ. ಪಾಸ್ ಇಟ್ಟುಕೊಂಡು ದಿನಾ ಓಡಾಡುವವರ ಗಾಡಿ. ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತು, ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಗೊತ್ತು. ಅವರು ತಾವೇ ತಿನ್ನುತ್ತಿದ್ದ ಡಬ್ಬಿಯಿಂದ ಕೊಟ್ಟರು. ಹಾಗಿದ್ದರೂ ನಿಮ್ಮ ಮನಸ್ಸು ಬೇಡ ಅಂದರೆ, "ಆಯ್ತು ಕಣ್ರೀ, ಥ್ಯಾಂಕ್ಸ್, ಈಗ ಬೇಡ" ಎಂದರೆ ಮುಗಿಯಿತು. ಒಳ್ಳೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಒತ್ತಾಯ ಮಾಡುವವರಿಂದ ದೂರ ಕುಳಿತುಕೊಳ್ಳಿ.

ಒಂದು ಅಪಾಯ ಇದೆ ಎಂದ ಮಾತ್ರಕ್ಕೆ ಜನರೆಲ್ಲ ಕೆಟ್ಟುಹೋಗಿದ್ದಾರೆ ಎಂದಾಗುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಭಾರತವೂ ಸೇರಿ 40 ದೇಶಗಳ 355 ಊರುಗಳಲ್ಲಿ 17,303 ಪರ್ಸುಗಳನ್ನು "ಬಿದ್ದಿತ್ತು, ಸಿಕ್ಕಿತು" ಎಂದು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರಿನಲ್ಲಿ ಕೊಟ್ಟುಬಂದರು. ಕೆಲವದರಲ್ಲಿ ದುಡ್ಡಿತ್ತು, ಕೆಲವದರಲ್ಲಿ ಇರಲಿಲ್ಲ. ದುಡ್ಡಿರುವುದು ವಾಪಸ್ ಬರುವುದಿಲ್ಲ ಎಂದೇ ಹೆಚ್ಚಿನವರ ಊಹೆ. ಬಹುತೇಕ ಎಲ್ಲ ದೇಶಗಳಲ್ಲೂ ಆಗಿದ್ದು ಉಲ್ಟಾ. ದುಡ್ಡಿದ್ದ ಪರ್ಸಿನ ಮಾಲೀಕರನ್ನೇ ಜನ ಜಾಸ್ತಿ ಹುಡುಕಿ ಸಂಪರ್ಕಿಸಿದರು. ಕೆಟ್ಟದ್ದು ನಮ್ಮ ತಲೆಯಲ್ಲಿ ಬೇಗ ಅಂಟಿಕೊಳ್ಳುತ್ತದೆ, ಬಹಳ ದಿನ ಉಳಿಯುತ್ತದೆ. ಬಸ್ಸಿನಲ್ಲಿ ಒಬ್ಬ ಕಾಲು ತುಳಿದಿದ್ದು ಸಂಜೆವರೆಗೆ ನೆನಪಿರುತ್ತದೆ. ಇನ್ನೊಬ್ಬರು ಸರಿದು ಜಾಗ ಕೊಟ್ಟಿದ್ದು ಇಳಿಯುವುದರೊಳಗೆ ಮರೆತಿರುತ್ತದೆ.

ಈಗ ಆ ಬೋಗಿಯ ಸಾಲಿಗೆ ಬಂದೆ.

ನಮ್ಮಲ್ಲಿ ಎರಡು ಹಳೆಯ ಮಾತುಗಳಿವೆ, ಮುಯ್ಯಿ ಮತ್ತು ಕೊಸರು. ಮುಯ್ಯಿ ನಿಮಗೆ ಗೊತ್ತು. ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ಅಷ್ಟೇ, ಇನ್ನೂ ಸ್ವಲ್ಪ ಸೇರಿಸಿ ವಾಪಸ್ ಮಾಡುವುದು. ಮುಯ್ಯಾಳು ಹೋಗುವುದೂ ಹಾಗೇ, ಅವರ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ಅವರು. ಅದು ಊರನ್ನು ಕಟ್ಟಿ ನಿಲ್ಲಿಸುವ ಏರ್ಪಾಡು, ಅದರ ಮೇಲೆ ನನಗೆ ಗೌರವ ಇದೆ. ಕೊಸರು ಬೇರೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ನೋಡಿ. ದಂಟಿನ ಕಟ್ಟು ಕೊಟ್ಟು, ದುಡ್ಡು ಎಣಿಸಿ, ಸೆರಗಿನ ಗಂಟಿಗೆ ಹಾಕಿಕೊಂಡಾಗಿದೆ. ವ್ಯಾಪಾರ ಮುಗಿದಿದೆ. ನೀವು ತಿರುಗುವಷ್ಟರಲ್ಲಿ ಪಕ್ಕದ ಗುಡ್ಡೆಯಿಂದ ನಾಲ್ಕು ಎಳೆ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಕಿತ್ತು ನಿಮ್ಮ ಚೀಲಕ್ಕೆ ಎಸೆಯುತ್ತಾಳೆ. ನಿಮ್ಮ ಮುಖ ಕೂಡ ನೋಡುವುದಿಲ್ಲ, ಆಗಲೇ ಮುಂದಿನವರ ಜೊತೆ ಮಾತು. ಅದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ. ಅದಕ್ಕೆ ನೀವು ಮಾಡಬೇಕಾದ್ದು ಒಂದೇ, ಚೀಲದ ಬಾಯಿ ತೆರೆದು ಹಿಡಿಯುವುದು.

ಆ ಹೆಂಗಸು ನಿಮಗೆ ಕೊಟ್ಟಿದ್ದು ಕೊಸರು. ನೀವು ಮರುದಿನವೇ ಅದನ್ನು ಮುಯ್ಯಿ ಮಾಡಿದಿರಿ. ಮೊದಲೇ ಸಾಲದ ನಿದ್ದೆಯಿಂದ ಮೂರು ದಿನ ಮುಕ್ಕಾಲು ಗಂಟೆ ಕತ್ತರಿಸಿ ಆ ಡಬ್ಬಿ ತುಂಬಿಸಿದಿರಿ. ಕೊನೆಗೆ ಅವರನ್ನು ಕಂಡಾಗ, ಸಾಲ ಕೊಟ್ಟವರನ್ನು ಕಂಡ ಹಾಗೆ ಮರೆಯಾದಿರಿ. ತಿಂಗಳಲ್ಲಿ ನಿಮಗೆ ನೆನಪಿರುವ ಒಂದೇ ಒಂದು ಹಿತದ ಗಳಿಗೆ ಕೊಟ್ಟವರು ಅವರು. ಅವರನ್ನೇ ನೋಡಿ ನೀವು ಓಡಿದ್ದೀರಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಸಣ್ಣ ಖುಷಿ ನಿಮ್ಮ ದಿನದಲ್ಲಿ ಇಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಬಂದಾಗ ಅದನ್ನು ತೆಗೆದುಕೊಳ್ಳಲು ನಿಮಗೆ ಕಷ್ಟವಾಗುತ್ತಿದೆ. ತೆಗೆದುಕೊಂಡರೆ ತೀರಿಸಬೇಕು ಎಂಬ ಲೆಕ್ಕ ಅಷ್ಟು ಆಳಕ್ಕೆ ಹೋಗಿದೆ. ಇದು ನೀವು ಹುಟ್ಟಿನಿಂದ ತಂದ ಗುಣವಲ್ಲ, ಸೊಸೆಯಾಗಿ, ತಾಯಿಯಾಗಿ ವರ್ಷಗಟ್ಟಲೆ ಕಲಿತದ್ದು. ಕಲಿತದ್ದನ್ನು ಸ್ವಲ್ಪ ಸಡಿಲ ಮಾಡಬಹುದು.

ಏನು ಮಾಡಬಹುದು ಎಂದು ಕೇಳಿದರೆ, ಮೊದಲನೆಯದು ಖುಷಿಗೆ ಸಂಬಂಧಪಟ್ಟದ್ದೇ ಅಲ್ಲ. ಅತ್ತೆಯವರ ಆರೈಕೆಯಲ್ಲಿ ಒಂದು ಪಾಲು ಬೇರೆಯವರು ಹೊರಬೇಕು. ಬೆಳಿಗ್ಗೆ ಮೈ ಒರೆಸುವುದನ್ನು ಯಜಮಾನರು ಮಾಡಬಹುದು, ಅವರು ಮಗ. ಭಾನುವಾರ ಒಂದು ಹೊತ್ತು ನಾದಿನಿಯೋ ಮೈದುನನೋ ಬರಬಹುದು. ಹೇಳುವಾಗ "ನನಗೆ ಆಗುತ್ತಿಲ್ಲ" ಎಂದು ಶುರು ಮಾಡಬೇಡಿ, ಅದು ದೂರಿನ ಹಾಗೆ ಕೇಳಿಸುತ್ತದೆ, ಎರಡು ದಿನ ಸಮಾಧಾನ ಹೇಳಿ ಮರೆಯುತ್ತಾರೆ. "ಸೋಮವಾರದಿಂದ ಬೆಳಗಿನ ಮೈ ಒರೆಸುವುದು ನಿಮ್ಮದು, ನಾನು ಐದೂವರೆಗೆ ಏಳುತ್ತೇನೆ" ಎಂದು ಹೇಳಿ. ಇದರಲ್ಲಿ ಅಪಾಯ ಇಲ್ಲ ಅನ್ನುವುದಿಲ್ಲ. ಮೊದಲ ವಾರ ಅವರು ಸರಿಯಾಗಿ ಮಾಡುವುದಿಲ್ಲ, ನಿಮಗೆ ನೋಡಲು ಆಗುವುದಿಲ್ಲ. ನೆಂಟರಲ್ಲಿ ಯಾರೋ "ಸೊಸೆ ಕೈಬಿಟ್ಟಳು" ಅನ್ನಬಹುದು. ಮಗ ಮುಟ್ಟುವುದಕ್ಕೆ ಅತ್ತೆಯವರಿಗೇ ಸಂಕೋಚ ಇರಬಹುದು, ಅದಕ್ಕೆ ಅವರನ್ನು ಕೇಳಿಯೇ ಹಂಚಿಕೊಳ್ಳಬೇಕು. ಆಯಾ ಒಂದು ಗಂಟೆ ಮೊದಲು ಬರಲು ಒಪ್ಪಿದರೆ ಅದೂ ಒಂದು ದಾರಿ, ಖರ್ಚು ಬರುತ್ತದೆ. ಸಾಲ ತೀರಿದೆ ಎಂದು ಬರೆದಿದ್ದೀರಲ್ಲ, ಅದರ ಒಂದು ಚೂರು ಇಲ್ಲಿಗೆ ಬರಲಿ.

ಎರಡನೆಯದು ರೈಲಿನಲ್ಲಿ. ಪೂರ್ತಿ ದಾರಿ ಅಲ್ಲ, ಕ್ಯಾತ್ಸಂದ್ರದಿಂದ ದಾಬಸ್‌ಪೇಟೆವರೆಗೆ ಮಾತ್ರ ಫೋನು ಬ್ಯಾಗಿನಲ್ಲಿರಲಿ. ಕಿಟಕಿ ಸಿಕ್ಕಿದರೆ ಹೊರಗೆ ನೋಡಿ, ಸಿಗದಿದ್ದರೆ ಒಳಗೆ ನೋಡಿ. ಆ ದಾರಿಯಲ್ಲಿ ಶಿವಗಂಗೆ ಬೆಟ್ಟ ಕಾಣುತ್ತದೆ. 11 ವರ್ಷ ಓಡಾಡಿದವರು ಅದನ್ನು ಕೊನೆಯ ಸಲ ಯಾವಾಗ ನೋಡಿದಿರಿ? 2010ರ ಒಂದು ಅಧ್ಯಯನದಲ್ಲಿ ಜನರನ್ನು ದಿನದ ಯಾವುದೋ ಹೊತ್ತಿನಲ್ಲಿ ತಡೆದು ಕೇಳಿದಾಗ, ಶೇಕಡಾ 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಅವರಿಗೆ ಸಮಾಧಾನವೂ ಕಡಿಮೆ ಇತ್ತು. ಒಂದು ಎಚ್ಚರಿಕೆ ಹೇಳಬೇಕು. ಫೋನು ಒಳಗಿಟ್ಟ ಕೂಡಲೇ ಮೊದಲು ಬರುವುದು ಬೆಟ್ಟವಲ್ಲ, ಚಿಂತೆ. ಮಗಳ ಪರೀಕ್ಷೆ, ಗ್ಯಾಸ್ ಆಫ್ ಮಾಡಿದ್ದೆನಾ ಎಂಬುದು. ಅದು ಸಹಜ, ಎರಡು ಮೂರು ದಿನದಲ್ಲಿ ತಗ್ಗುತ್ತದೆ. ತಗ್ಗದೇ ಎದೆ ಹೊಡೆದುಕೊಳ್ಳುವಷ್ಟಾದರೆ ಬಿಟ್ಟುಬಿಡಿ, ಹಾಡು ಕೇಳಿ, ಅದನ್ನು ವೈದ್ಯರಿಗೂ ಹೇಳಿ.

ಪಕ್ಕದವರ ಜೊತೆ ನಾಲ್ಕು ಮಾತು ಆಡಿದರೆ ಹೇಗೆ? ಚಿಕಾಗೋಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ, 2014ರಲ್ಲಿ ಪ್ರಕಟವಾಯಿತು. ಅಪರಿಚಿತರ ಜೊತೆ ಮಾತಾಡಿದರೆ ಪ್ರಯಾಣ ಹಾಳು, ಸುಮ್ಮನೆ ಕುಳಿತರೇ ಚೆನ್ನ ಎಂದು ಜನ ಊಹಿಸಿದ್ದರು. ನಿಜವಾಗಿ ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ನಮ್ಮ ಪ್ಯಾಸೆಂಜರ್ ಗಾಡಿಗಳಿಗೆ ಇದು ಹೊಸ ಸುದ್ದಿ ಏನಲ್ಲ. ಆದರೂ ಕಿವಿಗೆ ಇಯರ್‌ಫೋನ್ ಬಂದ ಮೇಲೆ ನಾವೂ ಮರೆಯುತ್ತಿದ್ದೇವೆ. ಹೆಣ್ಣುಮಕ್ಕಳಿಗೆ ಇದರಲ್ಲಿ ಬೇರೆ ತೊಡಕಿದೆ. ನಕ್ಕು ಮಾತಾಡಿದ್ದನ್ನು ಕೆಲವರು ತಪ್ಪಾಗಿ ತಿಳಿಯುತ್ತಾರೆ. ಆದ್ದರಿಂದ ಮಹಿಳೆಯರ ಬೋಗಿಯಲ್ಲಿ, ಮುಖಪರಿಚಯ ಇರುವವರ ಜೊತೆ ಶುರು ಮಾಡಿ. ಮನೆ ವಿಳಾಸ, ಫೋನ್ ನಂಬರ್ ಬೇಕಾಗಿಲ್ಲ. ಮಾತು ಬೇಡವೆನಿಸಿದ ದಿನ ಕಣ್ಣು ಮುಚ್ಚಿ ಒರಗಿಕೊಳ್ಳಿ, ನಿಮಗೆ ಈಗ ನಿದ್ದೆಯೂ ಔಷಧಿಯೇ.

"ಇನ್ನೊಬ್ಬರಿಗೆ ಸಹಾಯ ಮಾಡಿ, ಖುಷಿ ಸಿಗುತ್ತದೆ" ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ನಿಜವೇ, ಎಷ್ಟೋ ಜನರಿಗೆ ನಾನೇ ಹೇಳುತ್ತೇನೆ. ಆ ಮೇಷ್ಟ್ರಿಗೂ ಹೇಳಿದ್ದೆ, ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ನಿಮಗೆ ಹೇಳುವುದಿಲ್ಲ. ನಿಮ್ಮ ದಿನದಲ್ಲಿ ಕೊಡುವುದು ಮೊದಲೇ ತುಂಬಿ ಚೆಲ್ಲುತ್ತಿದೆ. ಸದ್ಯಕ್ಕೆ ನಿಮಗೆ ಪಡೆಯುವ ಅಭ್ಯಾಸ ಬೇಕು. ಯಾರಾದರೂ ಸೀಟು ಬಿಟ್ಟರೆ "ಪರವಾಗಿಲ್ಲ, ನೀವೇ ಕೂತ್ಕೊಳ್ಳಿ" ಎನ್ನುವ ಮೊದಲು ಕುಳಿತುಬಿಡಿ. ಕಚೇರಿಯಲ್ಲಿ ಯಾರಾದರೂ ಟೀ ತಂದುಕೊಟ್ಟರೆ "ಯಾಕೆ ತರೋಕೆ ಹೋದ್ರಿ" ಅನ್ನಬೇಡಿ. ಕುಡಿಯಿರಿ. ಮಗಳು "ನಾನು ಪಾತ್ರೆ ತೊಳೀತೀನಿ ಅಮ್ಮ" ಅಂದರೆ ಓದು ಹಾಳಾಗುತ್ತದೆ ಎಂದು ಕಳಿಸಬೇಡಿ, ಹದಿನೈದು ನಿಮಿಷದಿಂದ ಯಾರ ಪಿಯುಸಿಯೂ ಹೋಗುವುದಿಲ್ಲ. ಮೊದಮೊದಲು ಮೈಯೆಲ್ಲ ಮುಜುಗರ ಆಗುತ್ತದೆ. ಆಗಲಿ.

ಪುಸ್ತಕದ ಬದಲು ಇನ್ನೊಂದನ್ನು ಮಾಡಿನೋಡಿ. ದಿನದಲ್ಲಿ ಕಂಡದ್ದು ಒಂದನ್ನು ರಾತ್ರಿ ಯಾರಿಗಾದರೂ ಬಾಯಲ್ಲಿ ಹೇಳಿ. ಒಳ್ಳೆಯದನ್ನು ಇನ್ನೊಬ್ಬರಿಗೆ ಹೇಳಿದಾಗ, ಕೇಳಿದವರು "ಹೌದಾ, ಆಮೇಲೆ?" ಎಂದಾಗ, ಅದರ ಹಿತ ಹೆಚ್ಚುತ್ತದೆ ಎಂದು ಸಂಶೋಧನೆಗಳೂ ಹೇಳಿವೆ. "ಅದರಲ್ಲೇನಿದೆ" ಎನ್ನುವವರ ಮುಂದೆ ಹೇಳಿದರೆ ಇದ್ದದ್ದೂ ಆರಿಹೋಗುತ್ತದೆ, ಆದ್ದರಿಂದ ಕೇಳುವವರನ್ನು ನೋಡಿ ಆರಿಸಿ. ನಿಮ್ಮ ಮನೆಯಲ್ಲಿ ಅಂಥವರು ಒಬ್ಬರಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಎರಡು ವರ್ಷದಿಂದ ಮಲಗಿದಲ್ಲೇ ಫ್ಯಾನು ನೋಡುತ್ತಿರುವವರು. ನಿಮ್ಮ ಅತ್ತೆಯವರ ಲೋಕ ಒಂದು ಕೋಣೆಯಷ್ಟಾಗಿದೆ. ನೀವು ಅವರ ಹತ್ತಿರ ಹೋಗುವುದು ಬಟ್ಟೆ, ಮಾತ್ರೆ, ಗಂಜಿ ಹಿಡಿದುಕೊಂಡೇ ಅಲ್ವಾ? ಒಂದು ದಿನ ಬರಿಗೈಯಲ್ಲಿ ಹೋಗಿ ಎರಡು ನಿಮಿಷ ಮಂಚದ ಮೇಲೆ ಕುಳಿತು, ರೈಲಿನಲ್ಲಿ ಯಾರೋ ರೊಟ್ಟಿ ಕೊಟ್ಟ ಕಥೆ ಹೇಳಿ. ಅವರಿಗೆ ಮಾತು ಸ್ಪಷ್ಟವಿಲ್ಲದಿದ್ದರೂ ಕೇಳಿಸಿಕೊಳ್ಳಬಲ್ಲರು. ಯಾವ ಚಟ್ನಿ ಎಂದು ಅವರಿಗೆ ತಿಳಿಯಬೇಕೆನಿಸುತ್ತದೆ.

ಕೊನೆಗೆ ಆ ಡಬ್ಬಿ. ಪಾತ್ರೆ ಖಾಲಿ ವಾಪಸ್ ಕೊಡಬಾರದು ಎಂಬುದು ನಮ್ಮ ಮನೆಗಳ ರೂಢಿ, ಅದನ್ನು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ನಮ್ಮ ಅಮ್ಮ ಅಂಥ ಹೊತ್ತಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದರು. ಸಕ್ಕರೆ ಹಾಕಿ, ಮುಚ್ಚಳ ಬಿಗಿ ಮಾಡಿ, ಬ್ಯಾಗಿನಲ್ಲಿ ಇಟ್ಟುಕೊಂಡಿರಿ. ನಾಲ್ಕು ಗಂಟೆಗೆ ಎದ್ದು ಏನನ್ನೂ ಮಾಡಬೇಡಿ. ಮುಂದಿನ ಸಲ ಅವರು ಕಂಡಾಗ ಅವರ ಬೋಗಿಯನ್ನೇ ಹತ್ತಿ. ಡಬ್ಬಿ ಕೊಟ್ಟು, ಹೆಸರು ಕೇಳಿ.